ಒಂದರಿಂದ ಒಂಬತ್ತಕ್ಕೆ ಏರಿ ಇಳಿಯುವ ಸಂಖ್ಯೆ

(ಡೊಂಬಿವಲಿಯಲ್ಲಿ ಕನ್ನಡಿಗರು ಸೇರಿದ್ದ ಸಭೆಯೊಂದರಲ್ಲಿ ಮಾಡಿದ ಉಪನ್ಯಾಸದ ಬರಹ ರೂಪ)

ಬೋರ್ಡಿನ ಮೇಲಿರುವ ಈ ಸಂಖ್ಯೆಯನ್ನು ಮೊದಲು ಬಾಯಿಬಿಟ್ಟು ಓದೋಣ.

12345678987654321

ಅಂಕಿಗಳನ್ನು ಬಿಡಿಬಿಡಿಯಾಗಿ ಹೇಳುವುದು ಸುಲಭ. ಒಂದರಿಂದ ಒಂಬತ್ತರವರೆಗೆ ಏರಿ, ಅದೇ ದಾರಿಯಲ್ಲಿ ಇಳಿದರಾಯಿತು. ಸಂಖ್ಯೆಯಾಗಿ ಓದಲು ಹೋದರೆ ನಾಲಿಗೆ ತಡವರಿಸುತ್ತದೆ. ಬಲಗಡೆಯಿಂದ ಮೂರು ಅಂಕಿ ಬಿಟ್ಟು, ಆಮೇಲೆ ಎರಡೆರಡಕ್ಕೆ ಅಲ್ಪವಿರಾಮ ಹಾಕುತ್ತ ಬನ್ನಿ: 12,34,56,78,98,76,54,321. ಕೋಟಿಯ ಲೆಕ್ಕದಲ್ಲಿ ಓದಿದರೆ, ನೂರ ಇಪ್ಪತ್ತಮೂರು ಕೋಟಿ ನಲವತ್ತೈದು ಲಕ್ಷದ ಅರವತ್ತೇಳು ಸಾವಿರದ ಎಂಟುನೂರ ತೊಂಬತ್ತೆಂಟು ಕೋಟಿ, ಎಪ್ಪತ್ತಾರು ಲಕ್ಷದ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು. ಕೋಟಿ ಅನ್ನುವ ಮಾತನ್ನು ಎರಡು ಸಲ ಹೇಳಬೇಕಾಯಿತು. ಒಂಬತ್ತನೆಯ ಶತಮಾನದಲ್ಲಿ ನಮ್ಮ ಗಣಿತಜ್ಞ ಮಹಾವೀರಾಚಾರ್ಯರಿಗೆ ಈ ತೊಂದರೆ ಇರಲಿಲ್ಲ. ಅವರು 24 ಸ್ಥಾನಗಳಿಗೆ ಹೆಸರು ಕೊಟ್ಟಿದ್ದರು. ಹದಿನೇಳನೆಯ ಸ್ಥಾನದ ಹೆಸರು ಕ್ಷೋಣಿ. ನಮ್ಮ ಸಂಖ್ಯೆಯಲ್ಲಿ ಸರಿಯಾಗಿ 17 ಅಂಕಿಗಳಿವೆ, ಅಂದರೆ ಅದರ ಮೊದಲ 1 ಕೂತಿರುವುದು ಕ್ಷೋಣಿಯ ಸ್ಥಾನದಲ್ಲಿ. ಮಹಾವೀರಾಚಾರ್ಯರ ಮಾತು ಇನ್ನೂ ಇದೆ, ಆಮೇಲೆ ಬರುತ್ತೇನೆ.

ಸೆಕೆಂಡಿಗೆ ಒಂದರಂತೆ ಎಣಿಸುತ್ತ ಕೂತರೆ ಈ ಸಂಖ್ಯೆ ತಲುಪಲು ಸುಮಾರು 39 ಕೋಟಿ ವರ್ಷ ಹಿಡಿಯುತ್ತದೆ. ಆದರೆ ಇವತ್ತು ನಾನು ಈ ಸಂಖ್ಯೆಯನ್ನು ತಂದಿರುವುದು ಅದು ದೊಡ್ಡದು ಅನ್ನುವುದಕ್ಕಲ್ಲ. ದೊಡ್ಡ ಸಂಖ್ಯೆ ಯಾರು ಬೇಕಾದರೂ ಬರೆಯಬಹುದು. ಇದರಲ್ಲಿ ಕಣ್ಣಿಗೆ ಬೀಳುವ ಒಂದೊಂದು ಚೆಂದಕ್ಕೂ ಒಂದು ಕಾರಣವಿದೆ, ಆ ಕಾರಣ ನಾಲ್ಕನೆಯ ಕ್ಲಾಸಿನ ಗುಣಾಕಾರ ಗೊತ್ತಿದ್ದವರಿಗೆಲ್ಲ ಅರ್ಥವಾಗುತ್ತದೆ, ಮತ್ತು ಕಾರಣ ತಿಳಿದ ಮೇಲೆ ಚೆಂದ ಇನ್ನೂ ಹೆಚ್ಚುತ್ತದೆ. ವಾಟ್ಸಾಪಿನಲ್ಲಿ ಇಂಥ ಸಂಖ್ಯೆಗಳು 'ಅದ್ಭುತ ನೋಡಿ' ಎಂದು ಬರುತ್ತಿರುತ್ತವೆ, ನಾವು ಇನ್ನೊಬ್ಬರಿಗೆ ಕಳಿಸಿ ಸುಮ್ಮನಾಗುತ್ತೇವೆ. ಯಾಕೆ ಹಾಗೆ ಎಂದು ಯಾರೂ ಕೇಳುವುದಿಲ್ಲ. ಇವತ್ತು ಕೇಳೋಣ.

ಎಡದಿಂದ ಓದಿದರೂ ಬಲದಿಂದ ಓದಿದರೂ ಇದು ಒಂದೇ. 'ಕುಬೇರನಿಗೇನಿರಬೇಕು' ಅನ್ನುವ ವಾಕ್ಯವನ್ನು ನಾವೆಲ್ಲ ಚಿಕ್ಕಂದಿನಲ್ಲಿ ಹಿಂದುಮುಂದಾಗಿ ಓದಿ ಖುಷಿಪಟ್ಟಿದ್ದೇವೆ. ಆ ಜಾತಿಯದು. ಆದರೆ ಮುಖ್ಯ ಸಂಗತಿ ಬೇರೆ: ಇದು ಒಂದು ವರ್ಗ ಸಂಖ್ಯೆ. ಒಂಬತ್ತು ಒಂದುಗಳನ್ನು ಸಾಲಾಗಿ ಬರೆದು, ಆ ಸಂಖ್ಯೆಯನ್ನು ಅದರಿಂದಲೇ ಗುಣಿಸಿದರೆ ಬರುವ ಉತ್ತರ.

111111111 × 111111111 = 12345678987654321

ಒಂಬತ್ತನ್ನೂ ಬೋರ್ಡಿನ ಮೇಲೆ ಬಿಡಿಸಲು ಜಾಗ ಸಾಲದು, ನಾಲ್ಕು ಒಂದುಗಳಿಂದ ತೋರಿಸುತ್ತೇನೆ. 1111ನ್ನು 1111ರಿಂದ ಗುಣಿಸುವಾಗ ಶಾಲೆಯಲ್ಲಿ ಹೇಗೆ ಬರೆಯುತ್ತಿದ್ದೆವು? ಒಂದೊಂದು ಸಾಲನ್ನೂ ಒಂದೊಂದು ಮನೆ ಎಡಕ್ಕೆ ಸರಿಸಿ.

0001111
0011110
0111100
1111000
ಕೂಡಿದರೆ 1234321

ಈಗ ಕಂಬಸಾಲುಗಳನ್ನು ಬಲದಿಂದ ನೋಡುತ್ತ ಬನ್ನಿ. ಬಲತುದಿಯ ಕಂಬಸಾಲಿನಲ್ಲಿ ಒಂದೇ ಒಂದು 1 ಇದೆ. ಅದರ ಪಕ್ಕದಲ್ಲಿ ಎರಡು, ಆಮೇಲೆ ಮೂರು, ನಡುವೆ ನಾಲ್ಕು. ನಡು ದಾಟಿದ ಮೇಲೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿದುಹೋಗುತ್ತವೆ, ಹಾಗಾಗಿ ಮೂರು, ಎರಡು, ಒಂದು. ಉತ್ತರದ ಅಂಕಿ ಅಂದರೆ ಆ ಕಂಬಸಾಲಿನಲ್ಲಿ ಎಷ್ಟು 1 ಇವೆ ಅನ್ನುವ ಎಣಿಕೆ, ಅಷ್ಟೇ. ಒಂಬತ್ತು ಸಾಲು ಬರೆದರೆ ಎಣಿಕೆ ಒಂಬತ್ತರವರೆಗೆ ಹೋಗಿ ಇಳಿಯುತ್ತದೆ. ಒಂಬತ್ತು ಒಂದೇ ಮನೆಯಲ್ಲಿ ಹಿಡಿಸುವ ಕೊನೆಯ ಅಂಕಿ. ಎಲ್ಲೂ 'ಕೈಯಲ್ಲಿ ಒಂದು' ಎಂದು ಪಕ್ಕದ ಮನೆಗೆ ಕೊಡಬೇಕಾಗುವುದಿಲ್ಲ. ಈ ಸಂಖ್ಯೆಯ ಬಹುತೇಕ ಗುಣಗಳ ಗುಟ್ಟು ಇದೇ, ದಯವಿಟ್ಟು ನೆನಪಿಡಿ: ಕೈಯಲ್ಲಿ ಏನೂ ಉಳಿಯಲಿಲ್ಲ.

ಇನ್ನೊಂದು ಸಂಗತಿ ಇದರಿಂದಲೇ ಹೊರಡುತ್ತದೆ. ಉತ್ತರದ ಅಂಕಿಗಳನ್ನೆಲ್ಲ ಕೂಡಿ. ಒಂದರಿಂದ ಎಂಟರವರೆಗೆ 36, ಎರಡೂ ಕಡೆ ಸೇರಿ 72, ನಡುವಿನ 9 ಸೇರಿದರೆ 81. ಅಂದರೆ ಒಂಬತ್ತರ ವರ್ಗ. ಕೂಡದೆಯೂ ಇದನ್ನು ಹೇಳಬಹುದಿತ್ತು: ಒಂಬತ್ತು ಸಾಲು, ಸಾಲಿಗೆ ಒಂಬತ್ತು ಒಂದು, ಒಟ್ಟು 81. ಪಕ್ಕದ ಮನೆಗೆ ಏನೂ ಹೋಗದ್ದರಿಂದ ಆ 81ರಲ್ಲಿ ಒಂದೂ ಕಳೆದುಹೋಗಿಲ್ಲ. ಕೈಯಲ್ಲಿ ಒಂದು ಬಂದಾಗ ಏನಾಗುತ್ತದೆ? ಒಂದು ಮನೆಯಿಂದ ಹತ್ತು ತೆಗೆದು ಪಕ್ಕದ ಮನೆಗೆ ಒಂದು ಹಾಕುತ್ತೇವೆ. ಅಂಕಿಗಳ ಮೊತ್ತದಲ್ಲಿ ಒಂಬತ್ತು ಕಡಿಮೆಯಾಗುತ್ತದೆ. ಹಳೆಯ ಕಾಲದ ಅಂಗಡಿ ಲೆಕ್ಕದವರು ಒಂಬತ್ತು ಬಿಡುತ್ತ ಅಂಕಿ ಕೂಡಿ ತಾಳೆ ನೋಡುತ್ತಿದ್ದರಲ್ಲ, ಅದು ಕೆಲಸ ಮಾಡುವುದು ಈ ಕಾರಣಕ್ಕೇ. ಲೆಕ್ಕ ಸರಿಯಿದ್ದರೆ ಕಳೆಯುವುದು ಯಾವಾಗಲೂ ಒಂಬತ್ತರ ಮಡಿಯಲ್ಲೇ.

ವರ್ಗ ಅಂದಮೇಲೆ ನಿಜವಾಗಿಯೂ ಒಂದು ಚೌಕವನ್ನು ಕಣ್ಣ ಮುಂದೆ ತಂದುಕೊಳ್ಳಬಹುದು. ಪ್ರತಿ ಬದಿಯೂ 111111111 ಮಿಲಿಮೀಟರ್, ಅಂದರೆ 111 ಕಿಲೋಮೀಟರ್‌ಗಿಂತ ತುಸು ಹೆಚ್ಚು. ಅದರೊಳಗೆ ಒಂದು ಮಿಲಿಮೀಟರ್ ಬದಿಯ ಚೌಕಗಳನ್ನು ಹಾಸಿದರೆ ಒಟ್ಟು ಚೌಕಗಳ ಸಂಖ್ಯೆ ಬೋರ್ಡಿನ ಮೇಲಿರುವುದೇ. ಭೂಗೋಳ ಓದಿದವರಿಗೆ 111 ಕಿಲೋಮೀಟರ್ ಎಲ್ಲೋ ಕೇಳಿದ ಹಾಗಿದೆ ಅನ್ನಿಸಬೇಕು. ಅಕ್ಷಾಂಶದ ಒಂದು ಡಿಗ್ರಿ ಹತ್ತಿರ ಹತ್ತಿರ ಅಷ್ಟೇ. ಇದಕ್ಕೂ ಕಾರಣವಿದೆ. ಫ್ರಾನ್ಸಿನವರು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಮೀಟರನ್ನು ನಿರ್ಧರಿಸುವಾಗ, ಧ್ರುವದಿಂದ ಸಮಭಾಜಕಕ್ಕಿರುವ ದೂರದ ಒಂದು ಕೋಟಿಯ ಒಂದು ಭಾಗ ಎಂದು ಇಟ್ಟುಕೊಂಡರು. ಹಾಗಾಗಿ 90 ಡಿಗ್ರಿಗೆ 10,000 ಕಿಲೋಮೀಟರ್, ಒಂದು ಡಿಗ್ರಿಗೆ 10,000ವನ್ನು 90ರಿಂದ ಭಾಗಿಸಿದಷ್ಟು: 111.111… ಎಂದು ಒಂದುಗಳೇ ಸಾಲುಗಟ್ಟುತ್ತವೆ. ಪರೇಲ್, ವರ್ಳಿ ಸುತ್ತಮುತ್ತ 19 ಡಿಗ್ರಿಯ ರೇಖೆ ಹಾಯುತ್ತದೆ. ಕೊಂಕಣದ ಹರಿಹರೇಶ್ವರ ಹೆಚ್ಚುಕಡಿಮೆ 18 ಡಿಗ್ರಿಯಲ್ಲಿದೆ. ಆ ಎರಡು ರೇಖೆಗಳ ನಡುವಿನ ಅಗಲವೇ ನಮ್ಮ ಚೌಕದ ಬದಿ.

ಇಲ್ಲಿ ಆಫೀಸಿನಲ್ಲಿ ದಿನವಿಡೀ ಎಕ್ಸೆಲ್ ತೆರೆದು ಕೂರುವವರು ಬಹಳ ಜನ ಇದ್ದೀರಿ. ನಾಳೆ ಒಂದು ಮನೆಯಲ್ಲಿ 111111111 ಬರೆದು, ಪಕ್ಕದಲ್ಲಿ ಅದರ ವರ್ಗ ತೆಗೆದು, ಎಲ್ಲ ಅಂಕಿ ಕಾಣುವ ಹಾಗೆ ಅಗಲಿಸಿ ನೋಡಿ. 12345678987654300 ಎಂದು ತೋರಿಸುತ್ತದೆ. ಎಕ್ಸೆಲ್ 15 ಅಂಕಿಗಳನ್ನು ಮಾತ್ರ ಕಾಪಾಡುತ್ತದೆ, ಉಳಿದ ಜಾಗಕ್ಕೆ ಸೊನ್ನೆ ತುಂಬುತ್ತದೆ. ಜಾವಾಸ್ಕ್ರಿಪ್ಟಿನಲ್ಲಿ ಇದೇ ಗುಣಾಕಾರ ಮಾಡಿದರೆ 12345678987654320 ಬರುತ್ತದೆ. ಕೊನೆಯ ಅಂಕಿ ಸೊನ್ನೆ! ಬೆಸ ಸಂಖ್ಯೆಯನ್ನು ಬೆಸ ಸಂಖ್ಯೆಯಿಂದ ಗುಣಿಸಿದರೆ ಸಮ ಸಂಖ್ಯೆ ಬರುವುದು ಸಾಧ್ಯವೇ ಇಲ್ಲ ಎಂದು ನಮ್ಮ ಮಕ್ಕಳಿಗೂ ಗೊತ್ತು. ಕಂಪ್ಯೂಟರು ಸಾಮಾನ್ಯ ಲೆಕ್ಕಕ್ಕೆ ಬಳಸುವ ಸಂಖ್ಯಾರೂಪದಲ್ಲಿ ಪೂರ್ಣ ಸಂಖ್ಯೆಗಳು ಒಂದೂ ಬಿಡದೆ ಹಿಡಿಸುವುದು ಎರಡರ 53ನೆಯ ಘಾತದವರೆಗೆ, ಅಂದರೆ 9007199254740992ರವರೆಗೆ. ಅದನ್ನು ದಾಟಿದ ಮೇಲೆ ಸ್ವಲ್ಪ ದೂರ ಸಮ ಸಂಖ್ಯೆಗಳು ಮಾತ್ರ ಹಿಡಿಸುತ್ತವೆ. ನಮ್ಮ ಸಂಖ್ಯೆ ಅದನ್ನು ದಾಟಿದೆ, ಬೆಸವೂ ಆಗಿದೆ. ಆದ್ದರಿಂದ ಅದು ಪಕ್ಕದ ಸಮ ಸಂಖ್ಯೆಗೆ ಜಾರುತ್ತದೆ. ದೊಡ್ಡ ಪೂರ್ಣ ಸಂಖ್ಯೆಗಳಿಗೆಂದೇ ಬೇರೆ ವಿಧಾನಗಳಿವೆ, ಅವುಗಳಲ್ಲಿ ಸರಿಯಾದ ಉತ್ತರ ಸಿಗುತ್ತದೆ. ಆದರೆ ಬೋರ್ಡಿನ ಮೇಲೆ ಸೀಮೆಸುಣ್ಣದಿಂದ ಮಾಡುವ ಗುಣಾಕಾರಕ್ಕೆ ಇಂಥ ಯಾವ ಮಿತಿಯೂ ಇಲ್ಲ, ಅದನ್ನು ನಾನು ಮಕ್ಕಳಿಗೆ ಒತ್ತಿ ಹೇಳುತ್ತೇನೆ.

ಈಗ ನಾವು ಕೂತಿರುವ ಊರಿಗೆ ಬರೋಣ.

1, 121, 12321, 1234321 ಹೀಗೆ ಸಾಗುವ ಈ ಸಾಲಿಗೆ ಗಣಿತದಲ್ಲಿ ಡೆಮ್ಲೋ ಸಂಖ್ಯೆಗಳು ಎಂದು ಹೆಸರು. ಡೆಮ್ಲೋ ಎಂದರೆ ಯುರೋಪಿನ ಯಾವುದೋ ಗಣಿತಜ್ಞ ಇರಬೇಕು ಎಂದು ಓದಿದವರಿಗೆ ಅನ್ನಿಸುತ್ತದೆ. ಡೆಮ್ಲೋ ಎಂದರೆ ಡೊಂಬಿವಲಿ. ಆಗಿನ ಜಿ.ಐ.ಪಿ. ರೈಲ್ವೆಯಲ್ಲಿ ಮುಂಬಯಿಯಿಂದ 30 ಮೈಲಿ ದೂರದ ಈ ಸ್ಟೇಷನ್ನಿನಲ್ಲಿ ಆ ಯೋಚನೆ ಹೊಳೆಯಿತು ಎಂದು ಹೇಳಿ ದತ್ತಾತ್ರೇಯ ರಾಮಚಂದ್ರ ಕಾಪ್ರೇಕರ್ ಅವರು ಸ್ಟೇಷನ್ನಿನ ಹೆಸರನ್ನೇ ಸಂಖ್ಯೆಗಳಿಗೆ ಇಟ್ಟರು. ದಿನಾ ಬೆಳಿಗ್ಗೆ ನಾವು ಉಸಿರು ಬಿಗಿಹಿಡಿದು ಲೋಕಲ್ ಹತ್ತುವ ಸ್ಟೇಷನ್ ಜಗತ್ತಿನ ಗಣಿತದ ಪುಸ್ತಕಗಳಲ್ಲಿದೆ. ಈ ಊರಿನ ಪ್ರತಿ ಶಾಲೆಯ ಮಗುವಿಗೂ ಇದು ಗೊತ್ತಿರಬೇಕು ಎಂಬುದು ನನ್ನ ಆಸೆ.

ಕಾಪ್ರೇಕರರು ಹುಟ್ಟಿದ್ದು 1905ರಲ್ಲಿ ಡಹಾಣುವಿನಲ್ಲಿ. ಠಾಣೆಯಲ್ಲಿ ಶಾಲೆ, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದು. 1927ರಲ್ಲಿ ವಿದ್ಯಾರ್ಥಿಯಾಗಿದ್ದಾಗಲೇ ರ‍್ಯಾಂಗ್ಲರ್ ಪರಾಂಜಪೆ ಹೆಸರಿನ ಗಣಿತ ಬಹುಮಾನ ಬಂತು. 1929ರಲ್ಲಿ ಪದವಿ ಆಯಿತು, ಅದರಾಚೆ ಓದು ಮುಂದುವರಿಯಲಿಲ್ಲ. ನಾಸಿಕದ ಹತ್ತಿರದ ದೇವಳಾಲಿಯಲ್ಲಿ 1930ರಿಂದ 1962ರವರೆಗೆ ಶಾಲಾ ಮಾಸ್ತರರಾಗಿದ್ದರು. ದೊಡ್ಡ ಗಣಿತಜ್ಞರು ಅನೇಕರು ಅವರ ಕೆಲಸವನ್ನು ಮಕ್ಕಳಾಟ ಎಂದು ತಳ್ಳಿಹಾಕಿದರು. 1975ರಲ್ಲಿ ಮಾರ್ಟಿನ್ ಗಾರ್ಡ್ನರ್ ಅಮೆರಿಕದ 'ಸೈಂಟಿಫಿಕ್ ಅಮೆರಿಕನ್' ಪತ್ರಿಕೆಯ ತಮ್ಮ ಅಂಕಣದಲ್ಲಿ ಅವರ ಬಗ್ಗೆ ಬರೆದ ಮೇಲೆ ಹೆಸರು ಹೊರದೇಶಗಳಿಗೆ ಹಬ್ಬಿತು. 6174 ಎಂಬ ಸಂಖ್ಯೆಯಿಂದ ಅವರನ್ನು ಬಹಳ ಜನ ಬಲ್ಲರು. ನನಗೆ ಅದಕ್ಕಿಂತ ಡೆಮ್ಲೋ ಸಂಖ್ಯೆಗಳೇ ಹೆಚ್ಚು ಇಷ್ಟ, ಯಾಕೆಂದರೆ ಇವುಗಳಲ್ಲಿ ಕಾರಣದವರೆಗೆ ನಡೆದುಕೊಂಡು ಹೋಗಬಹುದು.

ಡೆಮ್ಲೋ ಸಂಖ್ಯೆಗೆ ಕಾಪ್ರೇಕರರು ಕೊಟ್ಟ ಲಕ್ಷಣ ಇದು: ಸಂಖ್ಯೆಯನ್ನು ಎಡ, ನಡು, ಬಲ ಎಂದು ಮೂರು ಪಾಲು ಮಾಡಬೇಕು. ಎಡವನ್ನೂ ಬಲವನ್ನೂ ಕೂಡಿದರೆ ನಡುವಿನ ಅಂಕಿಯೇ ಮತ್ತೆ ಮತ್ತೆ ಬರಬೇಕು. 165 ತೆಗೆದುಕೊಳ್ಳಿ, 1 ಮತ್ತು 5 ಕೂಡಿದರೆ 6. 47773ರಲ್ಲಿ 4 ಮತ್ತು 3 ಕೂಡಿದರೆ 7. ಈಗ ನಮ್ಮ ಸಂಖ್ಯೆ. ನಡುವಿನ 9 ಬಿಟ್ಟು ಎಡದ ಎಂಟು ಅಂಕಿ, ಬಲದ ಎಂಟು ಅಂಕಿ:

12345678 + 87654321 = 99999999

ಪ್ರತಿ ಮನೆಯಲ್ಲೂ 1 ಮತ್ತು 8, 2 ಮತ್ತು 7, ಹೀಗೆ ಜೋಡಿಗಳು. ಪ್ರತಿ ಜೋಡಿಯೂ ಒಂಬತ್ತು. ಒಂದುಗಳ ವರ್ಗದಿಂದ ಬರುವ ಇಂಥವನ್ನು ಅವರು ಅದ್ಭುತ ಡೆಮ್ಲೋ ಸಂಖ್ಯೆಗಳು ಎಂದು ಕರೆದರು. ಅವರೇ ಹೆಸರಿಟ್ಟ ಇನ್ನೊಂದು ಗುಂಪಿಗೂ ನಮ್ಮ ಸಂಖ್ಯೆ ಸೇರುತ್ತದೆ, ಅದು ಹರ್ಷದ ಸಂಖ್ಯೆಗಳ ಗುಂಪು. ತನ್ನ ಅಂಕಿಗಳ ಮೊತ್ತದಿಂದ ಶೇಷವಿಲ್ಲದೆ ಭಾಗವಾಗುವ ಸಂಖ್ಯೆ ಹರ್ಷದ. ನಮ್ಮ ಸಂಖ್ಯೆಯ ಮೊತ್ತ 81. 81ರಿಂದ ಭಾಗಿಸಿದರೆ 152415789971041 ಬರುತ್ತದೆ, ಶೇಷ ಇಲ್ಲ. ಮತ್ತೆ ಆ ಉತ್ತರವೂ ಒಂದು ವರ್ಗವೇ, 12345679ರ ವರ್ಗ.

12345679. ಬರೆಯುವಾಗ ಎಂಟು ಬಿಟ್ಟುಹೋಯಿತೇ ಎಂದು ಮುಂದಿನ ಸಾಲಿನಿಂದ ಒಬ್ಬಳು ಕೇಳುತ್ತಿದ್ದಾಳೆ. ಬಿಟ್ಟಿಲ್ಲ ಮಗಳೇ, ಅದು ಇರುವುದೇ ಹಾಗೆ. ಈ ಪ್ರಶ್ನೆಗೆ ಪೂರ್ತಿ ಉತ್ತರ ಕೊಡಬೇಕು.

111111111ನ್ನು 9ರಿಂದ ಭಾಗಿಸಿದರೆ 12345679. ಅದನ್ನು 18ರಿಂದ ಗುಣಿಸಿದರೆ ಒಂಬತ್ತು ಎರಡುಗಳು, 63ರಿಂದ ಗುಣಿಸಿದರೆ ಒಂಬತ್ತು ಏಳುಗಳು. ಎಂಟು ಎಲ್ಲಿ ಹೋಯಿತು ಅನ್ನುವುದಕ್ಕೆ 1ನ್ನು 81ರಿಂದ ಭಾಗಿಸಬೇಕು. 0.012345679012345679… ಎಂದು ಕೊನೆಯಿಲ್ಲದೆ ಬರುತ್ತದೆ, ಅಲ್ಲೂ ಎಂಟು ಇಲ್ಲ. 81ರಲ್ಲಿ ಒಂದು ಭಾಗ ಅಂದರೆ 9ರಲ್ಲಿ ಒಂದು ಭಾಗದ ವರ್ಗ, ಅಂದರೆ 0.1111… ಎಂಬ ಕೊನೆಯಿಲ್ಲದ ಒಂದುಗಳ ವರ್ಗ. ಬೋರ್ಡಿನ ಮೇಲೆ ಮಾಡಿದ ಹಾಗೆಯೇ ಕಂಬಸಾಲುಗಳಲ್ಲಿ 1, 2, 3 ಎಂದು ಎಣಿಕೆ ಏರುತ್ತದೆ, ಆದರೆ ಇಲ್ಲಿ ಒಂಬತ್ತರಲ್ಲಿ ನಿಲ್ಲುವುದಿಲ್ಲ. 10, 11, 12 ಎಂದು ಏರುತ್ತಲೇ ಹೋಗುತ್ತದೆ. ಹತ್ತು ಒಂದು ಮನೆಯಲ್ಲಿ ಹಿಡಿಸದು. ಅದು ಪಕ್ಕದ 9ಕ್ಕೆ ಒಂದು ಕೊಡುತ್ತದೆ. 9 ಹತ್ತಾಗುತ್ತದೆ, ಅದೂ ಹಿಡಿಸದೆ ಪಕ್ಕದ 8ಕ್ಕೆ ಒಂದು ಕೊಡುತ್ತದೆ. 8 ಒಂಬತ್ತಾಗುತ್ತದೆ, ಅಲ್ಲಿಗೆ ನಿಲ್ಲುತ್ತದೆ. ಎಂಟು ಕಳೆದುಹೋಗಿಲ್ಲ, ಕೈಯಲ್ಲಿದ್ದ ಒಂದು ಸೇರಿ ಒಂಬತ್ತಾಗಿ ಕೂತಿದೆ.

ಇದೇ 12345679 ಕೈಯಲ್ಲಿದ್ದರೆ ನಮ್ಮ ದೊಡ್ಡ ಸಂಖ್ಯೆಯನ್ನು ಒಂದೇ ಒಂದು ವ್ಯವಕಲನದಿಂದ ಪಡೆಯಬಹುದು. 111111111ರ ವರ್ಗ ಅಂದರೆ 12345679ನ್ನು ಒಂಬತ್ತು 9ಗಳಿಂದ ಗುಣಿಸಿದಷ್ಟು. ಒಂಬತ್ತು 9ಗಳು ಅಂದರೆ ನೂರು ಕೋಟಿಗೆ ಒಂದು ಕಡಿಮೆ. ಆದ್ದರಿಂದ 12345679ರ ಮುಂದೆ ಒಂಬತ್ತು ಸೊನ್ನೆ ಬರೆದು, 12345679ನ್ನೇ ಕಳೆದರೆ ಮುಗಿಯಿತು:

12345679000000000 − 12345679 = 12345678987654321

ಮೊದಲ ಸಲ ಕಂಡಾಗ ನನಗೆ ಬಹಳ ಹೊತ್ತು ಇದರಿಂದ ಕಣ್ಣು ಕೀಳಲು ಆಗಲಿಲ್ಲ. ಏರುವ ಭಾಗದಲ್ಲಿ ಮಾಯವಾಗಿದ್ದ ಎಂಟು, ಕಳೆಯುವಾಗ ಒಂಬತ್ತು ಒಂದು ಕೊಟ್ಟದ್ದರಿಂದ ವಾಪಸು ಬರುತ್ತದೆ. ಇಳಿಯುವ ಭಾಗ ನೂರು ಕೋಟಿಯಿಂದ 12345679 ಕಳೆದರೆ ಉಳಿಯುವ 987654321.

ಅವಿಭಾಜ್ಯ ಸಂಖ್ಯೆಗಳಾಗಿ ಒಡೆದರೆ ಏನು ಸಿಗುತ್ತದೆ ನೋಡೋಣ. 111111111 ಅಂದರೆ 3 × 3 × 37 × 333667. ನಮ್ಮ ಸಂಖ್ಯೆ ಇದರ ವರ್ಗ, ಹಾಗಾಗಿ ಅದರಲ್ಲಿ ನಾಲ್ಕು 3, ಎರಡು 37, ಎರಡು 333667. ಭಾಜಕಗಳು ಎಷ್ಟು ಎಂದರೆ 5 × 3 × 3, ಒಟ್ಟು 45. ಈ ಮೂರು ಅವಿಭಾಜ್ಯಗಳು ಸಾಮಾನ್ಯದವಲ್ಲ. 1ನ್ನು 3ರಿಂದ ಭಾಗಿಸಿ: 0.333…, ಒಂದೇ ಅಂಕಿ ಮರುಕಳಿಸುತ್ತದೆ. 37ರಿಂದ ಭಾಗಿಸಿ: 0.027027…, ಮೂರು ಅಂಕಿ ಮರುಕಳಿಸುತ್ತವೆ. 333667ರಿಂದ ಭಾಗಿಸಿ: 0.000002997000002997…, ಒಂಬತ್ತು ಅಂಕಿ ಮರುಕಳಿಸುತ್ತವೆ. 1, 3, 9. ಒಂಬತ್ತನ್ನು ಭಾಗಿಸುವ ಸಂಖ್ಯೆಗಳು ಇವೇ ಮೂರು. ಒಂದು ಅವಿಭಾಜ್ಯದ ಮರುಕಳಿಕೆ ಒಂಬತ್ತು ಮನೆಗಳಲ್ಲಿ ಸರಿಯಾಗಿ ಕೂರಬೇಕಾದರೆ ಅದು ಒಂಬತ್ತು 9ಗಳ ಸಂಖ್ಯೆಯನ್ನು ಭಾಗಿಸಲೇಬೇಕು. ಆ ಸಂಖ್ಯೆ ನಮ್ಮ 111111111ರ ಒಂಬತ್ತರಷ್ಟು. ಹಾಗಾಗಿ ಒಂದು, ಮೂರು, ಒಂಬತ್ತು ಮನೆಗಳ ಮರುಕಳಿಕೆ ಇರುವ ಅವಿಭಾಜ್ಯಗಳೆಲ್ಲ ಇಲ್ಲಿಯೇ ಸಿಗಬೇಕು, ಸಿಕ್ಕಿರುವುದು ಒಂದೊಂದಕ್ಕೆ ಒಂದೊಂದೇ. ಒಂದಂಕಿ ಮರುಕಳಿಕೆಯ ಅವಿಭಾಜ್ಯ 3 ಬಿಟ್ಟರೆ ಇಲ್ಲ, ಮೂರಂಕಿಯದು 37 ಬಿಟ್ಟರೆ ಇಲ್ಲ, ಒಂಬತ್ತಂಕಿಯದು 333667 ಬಿಟ್ಟರೆ ಇಲ್ಲ. ಅವಿಭಾಜ್ಯಗಳಿಗೆ ಕೊನೆಯಿಲ್ಲ ಎಂದು ನಮಗೆ ಗೊತ್ತು. ಆ ಕೊನೆಯಿಲ್ಲದ ಗುಂಪಿನಲ್ಲಿ ಒಂದು, ಮೂರು ಇಲ್ಲವೇ ಒಂಬತ್ತು ಅಂಕಿಗಳ ಮರುಕಳಿಕೆ ಇರುವ ಮೂರೇ ಮೂರು ಸದಸ್ಯರು ನಮ್ಮ ಸಂಖ್ಯೆಯೊಳಗೆ ಸೇರಿದ್ದಾರೆ, ನಾಲ್ಕನೆಯವರು ಯಾರೂ ಇಲ್ಲ.

ಮಹಾವೀರಾಚಾರ್ಯರ ಮಾತು ಉಳಿಸಿಕೊಂಡಿದ್ದೆ. ಅವರ 'ಗಣಿತಸಾರಸಂಗ್ರಹ' 850ರ ಸುಮಾರಿನದು, ಸಂಸ್ಕೃತದಲ್ಲಿದೆ. ಆರಂಭದಲ್ಲಿಯೇ ರಾಷ್ಟ್ರಕೂಟ ದೊರೆ ಅಮೋಘವರ್ಷ ನೃಪತುಂಗನನ್ನು ಹೊಗಳಿದ್ದಾರೆ, 'ಕವಿರಾಜಮಾರ್ಗ' ಹುಟ್ಟಿದ ಆಸ್ಥಾನದ ಅದೇ ದೊರೆ. ರಾಷ್ಟ್ರಕೂಟರ ರಾಜಧಾನಿ ಮಳಖೇಡ ದೂರವಾಯಿತು ಅನ್ನುವವರು ಬೊರಿವಲಿಯ ಕಾನ್ಹೇರಿ ಗುಹೆಗಳಿಗೆ ಹೋಗಿ ಬನ್ನಿ. ಉತ್ತರ ಕೊಂಕಣದ ಶಿಲಾಹಾರರು ಆಗ ರಾಷ್ಟ್ರಕೂಟರ ಸಾಮಂತರು, ಅಲ್ಲಿನ ಶಾಸನಗಳಲ್ಲಿ ಅಮೋಘವರ್ಷನ ಹೆಸರಿದೆ.

ಗಣಿತಸಾರಸಂಗ್ರಹದ ಗುಣಾಕಾರದ ಅಧ್ಯಾಯದಲ್ಲಿ ಒಂದಷ್ಟು ಲೆಕ್ಕಗಳಿವೆ. ಅವುಗಳ ಉತ್ತರ ಎರಡೂ ಕಡೆಯಿಂದ ಒಂದೇ ಥರ ಓದಿಕೊಳ್ಳುತ್ತದೆ, ಅದಕ್ಕೆ ಅವನ್ನು ಆಚಾರ್ಯರು ಕೊರಳ ಹಾರಗಳು ಎಂದು ಕರೆದರು. 152207ನ್ನು 73ರಿಂದ ಗುಣಿಸು ಎನ್ನುತ್ತಾರೆ, ಎಂಟು ಒಂದುಗಳು ಬರುತ್ತವೆ. 12345679ನ್ನು 9ರಿಂದ ಗುಣಿಸು ಎನ್ನುತ್ತಾರೆ. ಹೌದು, ಈಗಷ್ಟೇ ನೋಡಿದ ಸಂಖ್ಯೆಯೇ, ಸಾವಿರದ ಇನ್ನೂರು ವರ್ಷದ ಹತ್ತಿರ ಹಿಂದೆ. ಮತ್ತೆ ಒಂದು ದೊಡ್ಡ ಹಾರ ಇದೆ:

27994681 × 441 = 12345654321

ಒಂದರಿಂದ ಆರರವರೆಗೆ ಏರಿ ಕ್ರಮವಾಗಿ ಇಳಿಯುವ ಸಂಖ್ಯೆ ಎಂದು ಇಂಥದನ್ನು ಮಾತಿನಲ್ಲೇ ವರ್ಣಿಸಿದ್ದಾರೆ. ನಮ್ಮ ಸಂಖ್ಯೆಯ ಚಿಕ್ಕ ತಮ್ಮ ಇದು, ಆರು ಒಂದುಗಳ ವರ್ಗ. ಆದರೆ 111111 ಗುಣಿಸು 111111 ಎಂದು ಕೊಟ್ಟರೆ ಗುಟ್ಟು ನೋಡಿದ ಕೂಡಲೇ ಬಯಲಾಗುತ್ತದೆ. ಆಚಾರ್ಯರು ಏನು ಮಾಡಿದ್ದಾರೆ ನೋಡಿ: 111111 ಅಂದರೆ 21 × 5291. 21ರ ವರ್ಗ 441, 5291ರ ವರ್ಗ 27994681. ಒಡೆದು, ಬೇರೆ ಬೇರೆ ವರ್ಗ ಮಾಡಿ, ಎರಡು ಒರಟು ಸಂಖ್ಯೆಗಳನ್ನು ಶಿಷ್ಯನ ಕೈಗಿಟ್ಟರೆ, ಅವನು ಗುಣಾಕಾರ ಮಾಡಿ ಮುಗಿಸುವ ಹೊತ್ತಿಗೆ ಹಾರ ಕಾಣಿಸುತ್ತದೆ. ಲೆಕ್ಕ ಸರಿಯಾಯಿತೇ ಎಂದು ಗುರುವನ್ನು ಕೇಳಬೇಕಾಗಿಲ್ಲ. ಒಳ್ಳೆಯ ಮೇಷ್ಟರು ಲೆಕ್ಕ ಕಟ್ಟುವುದು ಹೀಗೆ.

ಆ 441ರಲ್ಲಿಯೇ ಇನ್ನೊಂದು ಸ್ವಾರಸ್ಯ ಇದೆ, ಇದು ಆಚಾರ್ಯರು ಹೇಳಿದ್ದಲ್ಲ. ಹತ್ತರ ಬದಲು ನಾಲ್ಕರ ಗುಂಪುಗಳಲ್ಲಿ ಎಣಿಸುವ ಪದ್ಧತಿಯಲ್ಲಿ 21ನ್ನು ಬರೆಯುವುದು 111 ಎಂದು: ಒಂದು ಹದಿನಾರು, ಒಂದು ನಾಲ್ಕು, ಒಂದು ಬಿಡಿ. 441ನ್ನು ಆ ಪದ್ಧತಿಯಲ್ಲಿ ಬರೆದರೆ 12321. ನಾಲ್ಕರ ಪದ್ಧತಿಯಲ್ಲಿ ಕೊನೆಯ ಅಂಕಿ 3. ಆದ್ದರಿಂದ ಅಲ್ಲಿ ಮೂರು ಒಂದುಗಳವರೆಗೆ ಹಾರ ಕೆಡುವುದಿಲ್ಲ. ಕಂಪ್ಯೂಟರಿನವರು ಬಳಸುವ ಹದಿನಾರರ ಪದ್ಧತಿಯಲ್ಲಿ ಹದಿನೈದು ಒಂದುಗಳವರೆಗೂ ಕೆಡುವುದಿಲ್ಲ. ಅಂದರೆ ನಮ್ಮ ಸಂಖ್ಯೆಯ ನೆತ್ತಿಯ ಮೇಲೆ 9 ಕೂತಿರುವುದು ನಾವು ಹತ್ತರ ಗುಂಪಿನಲ್ಲಿ ಎಣಿಸುವುದರಿಂದ.

ಹತ್ತು ಒಂದುಗಳಾದರೆ ಏನಾಗುತ್ತದೆ ಎಂದು ಈಗ ಕೇಳಬೇಕು.

1111111111 × 1111111111 = 1234567900987654321

ಹಾರ ಕೆಟ್ಟಿತು. ಎಡಗಡೆ ಎಂಟು ಮಾಯ, ನಡುವೆ ಎರಡು ಸೊನ್ನೆ. ಕೈಯಲ್ಲಿ ಒಂದು ಎರಡು ಸಲ ಬಂದಿದೆ. ಬೋರ್ಡಿನ ಮೇಲೆ ಇರಬೇಕಾದ ಒಂದುಗಳು ನೂರು. ಉತ್ತರದ ಅಂಕಿಗಳನ್ನು ಕೂಡಿದರೆ 82. ಹದಿನೆಂಟು ಕಡಿಮೆ, ಎರಡು ಒಂಬತ್ತು. ಲೆಕ್ಕ ತಾಳೆಯಾಗುತ್ತದೆ.

ಬಹಳಷ್ಟು ಪುಸ್ತಕಗಳು ಇಲ್ಲಿಗೆ ನಿಲ್ಲಿಸುತ್ತವೆ, ಒಂಬತ್ತರವರೆಗೆ ಚೆಂದ, ಆಮೇಲೆ ಕೆಟ್ಟಿತು ಎಂದು. ನನಗೆ ಅದು ಒಪ್ಪಿಗೆಯಿಲ್ಲ. ಕಾಪ್ರೇಕರರು ಇನ್ನೊಂದು ಗುಂಪನ್ನು ಗುರುತಿಸಿದ್ದರು, ಅವಕ್ಕೆ ಈಗ ಕಾಪ್ರೇಕರ್ ಸಂಖ್ಯೆಗಳೆಂದೇ ಹೆಸರು. 45ರ ವರ್ಗ 2025. ಅದನ್ನು 20 ಮತ್ತು 25 ಎಂದು ಒಡೆದು ಕೂಡಿದರೆ ಮತ್ತೆ 45. 703ರ ವರ್ಗ 494209. 494 ಮತ್ತು 209 ಕೂಡಿದರೆ 703. ಒಂಬತ್ತು ಒಂದುಗಳಿಗೆ ಈ ಗುಣ ಇಲ್ಲ: 12345678 ಮತ್ತು 987654321 ಕೂಡಿದರೆ ಒಂಬತ್ತು 9ಗಳು ಬರುತ್ತವೆಯೇ ಹೊರತು ಒಂಬತ್ತು ಒಂದುಗಳಲ್ಲ. ಈಗ ಕೆಟ್ಟಿತು ಅಂದ ಸಂಖ್ಯೆಯ ಬಲದ ಹತ್ತು ಅಂಕಿ ಬೇರೆ ಮಾಡಿ, ಉಳಿದದ್ದಕ್ಕೆ ಕೂಡಿ:

123456790 + 0987654321 = 1111111111

ಹತ್ತು ಒಂದುಗಳು ಹಾಗೆಯೇ ವಾಪಸು ಬಂದವು. ಒಂದು ಗುಣ ಹೋದ ಜಾಗದಲ್ಲಿಯೇ ಇನ್ನೊಂದು ಗುಣ ಹುಟ್ಟಿದೆ. ಸಂಖ್ಯೆಯಿಂದ ಒಂದನ್ನು ಕಳೆದರೆ ಉಳಿಯುವುದು ಒಂಬತ್ತರಿಂದ ಭಾಗವಾಗಬೇಕು, ಬರೀ ಒಂದುಗಳಿಂದ ಆದ ಸಂಖ್ಯೆ ಕಾಪ್ರೇಕರ್ ಸಂಖ್ಯೆಯಾಗಲು ಇರುವ ನಿಯಮ ಅಷ್ಟೇ. 1111111111ರಿಂದ ಒಂದು ಕಳೆದರೆ 1111111110, ಅಂಕಿಗಳ ಮೊತ್ತ ಒಂಬತ್ತು, ಭಾಗವಾಗುತ್ತದೆ. ಹಾಗಾದರೆ ಮುಂದಿನದು ಇನ್ನೊಂಬತ್ತು ಒಂದುಗಳ ಆಚೆ, ಹತ್ತೊಂಬತ್ತು ಒಂದುಗಳಲ್ಲಿ.

ಅಲ್ಲಿಗೆ ಹೋಗುವ ಮೊದಲು ಒಂದು ಅಡ್ಡಮಾತು. ಒಂದರಿಂದ ಒಂಬತ್ತಕ್ಕೆ ಏರಿ ಇಳಿಯುವ ಬದಲು ಹತ್ತಕ್ಕೆ ಏರಿ ಇಳಿದರೆ, ಅಂದರೆ 12345678910987654321 ಎಂದು ಬರೆದರೆ, ಅದು ಯಾವ ಸಂಖ್ಯೆಯ ವರ್ಗವೂ ಅಲ್ಲ. ಅದು ಅವಿಭಾಜ್ಯ. 45 ಭಾಜಕಗಳಿದ್ದ ಸಂಖ್ಯೆಯ ನಡುವೆ ಹತ್ತನ್ನೂ ಇನ್ನೊಂದು ಒಂಬತ್ತನ್ನೂ ಸೇರಿಸಿದೆವು. 1 ಮತ್ತು ಅದೇ ಸಂಖ್ಯೆ ಬಿಟ್ಟರೆ ಒಂದೂ ಭಾಜಕ ಉಳಿಯಲಿಲ್ಲ. ಇದಕ್ಕೆ ಮಾತ್ರ ಕಂಬಸಾಲಿನ ವಿವರಣೆ ನನ್ನ ಹತ್ತಿರ ಇಲ್ಲ, ಪರೀಕ್ಷಿಸಿ ನೋಡಿಯೇ ತಿಳಿಯಬೇಕು.

ಈಗ ಹತ್ತೊಂಬತ್ತು ಒಂದುಗಳು. ಅದರ ವರ್ಗ 37 ಅಂಕಿಗಳದ್ದು:

1234567901234567900987654320987654321

ಬಲದಿಂದ ಹತ್ತೊಂಬತ್ತು ಅಂಕಿ ಬೇರೆ ಮಾಡಿ. ಉಳಿದ 123456790123456790ಕ್ಕೆ 0987654320987654321 ಕೂಡಿ. ಕಾಗದ, ಪೆನ್ಸಿಲ್ ಇದ್ದವರು ಇಲ್ಲೇ ಮಾಡಬಹುದು. ಬಲತುದಿಯಲ್ಲಿ ಸೊನ್ನೆ ಮತ್ತು ಒಂದು, ಒಂದು. ಪಕ್ಕದಲ್ಲಿ 9 ಮತ್ತು 2, ಹನ್ನೊಂದು, ಒಂದು ಬರೆದು ಕೈಯಲ್ಲಿ ಒಂದು. ಆಮೇಲೆ 7 ಮತ್ತು 3 ಮತ್ತು ಕೈಯಲ್ಲಿರುವ ಒಂದು, ಮತ್ತೆ ಹನ್ನೊಂದು. ಹೀಗೆ ಎಡತುದಿಯವರೆಗೆ ಹೋದರೆ ಸಿಗುವುದು 1111111111111111111, ಹತ್ತೊಂಬತ್ತು ಒಂದುಗಳು. ಹತ್ತೊಂಬತ್ತು ಒಂದುಗಳ ಈ ಸಂಖ್ಯೆ ಕಾಪ್ರೇಕರ್ ಸಂಖ್ಯೆಯೂ ಹೌದು, ಅವಿಭಾಜ್ಯವೂ ಹೌದು. ಬರೀ ಒಂದುಗಳಿಂದ ಆದ ಅವಿಭಾಜ್ಯಗಳಲ್ಲಿ 11ರ ನಂತರದ್ದೇ ಇದು. ಆಮೇಲೆ 23 ಒಂದುಗಳು, 317, 1031, ಹೀಗೆ ದೂರ ದೂರ ಹೋಗುತ್ತವೆ. ಅವು ಎಲ್ಲಿಯಾದರೂ ಮುಗಿಯುತ್ತವೆಯೋ, ಇಲ್ಲ ಮುಗಿಯುವುದೇ ಇಲ್ಲವೋ ಎಂಬುದನ್ನು ಇವತ್ತಿನವರೆಗೆ ಯಾರೂ ಸಾಧಿಸಿ ತೋರಿಸಿಲ್ಲ.